ಆನೆ ನಿಲ್ಲುವ ಜಾಗ

ಬೀದಿ ಯಾರಪ್ಪನ ಸ್ವತ್ತೂ ಅಲ್ಲ. ಇದು ಮಾವುತಕ್ಕನಿಗೆ ಗೊತ್ತಿತ್ತು. ಬೀದಿನಾಯಿಗಳಿಗೂ ಗೊತ್ತಿತ್ತು. ಎದುರುಮನೆಯ ಸಾಹೇಬರಿಗೆ ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಸಾಹೇಬರು ನಿವೃತ್ತ ಅಧಿಕಾರಿ. ಅಧಿಕಾರ ಹೋಗಿ ಆರು ವರ್ಷವಾಗಿದ್ದರೂ ಅವರ ಗಂಟಲಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಅವರಿಗೆ ಮೂರು ಕಾರು. ಒಂದು ಅವರದು, ಒಂದು ಹೆಂಡತಿಯದು, ಇನ್ನೊಂದು ಕೆಟ್ಟು ನಿಂತದ್ದು. ಮನೆ ಕಟ್ಟಿಸಿದಾಗ ಕೆಳಗೆ ಕಾರಿಗೆಂದೇ ಜಾಗ ಬಿಟ್ಟಿದ್ದರು. ನಿವೃತ್ತಿಯಾದ ಮೇಲೆ ಅದಕ್ಕೆ ಗೋಡೆ ಎಬ್ಬಿಸಿ, ಪಕ್ಕಕ್ಕೊಂದು ಬಚ್ಚಲು ಸೇರಿಸಿ, ಆಫೀಸು ರೂಮು ಮಾಡಿಕೊಂಡರು. ಮೇಜು ಒಳಗೆ ಬಂತು, ಕಾರುಗಳು ಬೀದಿಗೆ ಬಿದ್ದವು. ಆ ರೂಮಿನಲ್ಲಿ ಕೂತು ಸಾಹೇಬರು ಅರ್ಜಿ ಬರೆಯುತ್ತಿದ್ದರು. ಬೀದಿದೀಪದ ಮೇಲೆ ಅರ್ಜಿ, ಪಕ್ಕದ ಮನೆಯ ಮರದ ಮೇಲೆ ಅರ್ಜಿ, ಆ ಮರದ ಕಾಗೆಗಳ ಮೇಲೂ ಒಂದು ಅರ್ಜಿ. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ. ಆ ಮಾತನ್ನು ಇಲ್ಲವೆನ್ನಲಾಗದು.

ಮಾವುತಕ್ಕನಿಗೆ ಇದ್ದದ್ದು ಒಂದೇ ಗಾಡಿ. ಅದೂ ಅವಳದಲ್ಲ, ಇಲಾಖೆಯದು. ಮ್ಯಾನ್‌ಹೋಲಿನ ಹೂಳು ಎಳೆಯುವ ಲಾರಿ. ಬೆನ್ನ ಮೇಲೆ ದೊಡ್ಡ ಟ್ಯಾಂಕು, ಹಿಂದೆ ಸುತ್ತಿಟ್ಟ ದಪ್ಪ ಪೈಪು. ಪೈಪನ್ನು ಗುಂಡಿಗೆ ಇಳಿಸಿ ಮೋಟಾರು ಹಾಕಿದರೆ ಸೊರ್ರೆಂದು ಎಳೆದುಕೊಳ್ಳುತ್ತಿತ್ತು. ಬೀದಿಯ ಮಕ್ಕಳು ನೋಡಿದ ದಿನವೇ ಅದಕ್ಕೆ ಆನೆ ಎಂದು ಹೆಸರಿಟ್ಟವು. ಆನೆ ಓಡಿಸುವವಳು ಮಾವುತಕ್ಕನಾದಳು. ಈಗ ಅವಳ ಅಪ್ಪನೂ ಸಿಟ್ಟು ಬಂದಾಗ ‘ಏ ಮಾವುತಕ್ಕ’ ಎಂದೇ ಕೂಗುತ್ತಿದ್ದ.

ಅಪ್ಪನ ಕಾಲದಲ್ಲಿ ಆನೆ ಇರಲಿಲ್ಲ. ಅಪ್ಪನೇ ಇಳಿಯುತ್ತಿದ್ದ. ಮೊದಲು ಅಂಗಿ ಬಿಚ್ಚಿ ಮಡಿಸಿಡುತ್ತಿದ್ದ, ಇರುವ ಒಂದು ಅಂಗಿ ಹಾಳಾಗಬಾರದೆಂದು. ಸೊಂಟಕ್ಕೆ ಹಗ್ಗ. ಕೈಗೆ ಬುಟ್ಟಿ. ಎದೆಮಟ್ಟ ಹೊಲಸಿನಲ್ಲಿ ನಿಂತು ಕಾಲ್ಬೆರಳಿನಿಂದ ಪೈಪಿನ ಬಾಯಿ ಹುಡುಕುತ್ತಿದ್ದ. ಸಿಕ್ಕಿದ್ದನ್ನು ಬರಿಗೈಯಲ್ಲಿ ಬಾಚಿ ಬುಟ್ಟಿಗೆ ತುಂಬುತ್ತಿದ್ದ. ಮೂವತ್ತೊಂದು ವರ್ಷ. ಒಂದು ಮಧ್ಯಾಹ್ನ ಅವನಿಗಿಂತ ಮೊದಲು ಇಳಿದ ಚಿಕ್ಕಪ್ಪ ಮೇಲೆ ಬರಲಿಲ್ಲ. ಕೆಳಗಿನ ಗಾಳಿ ಕುಡಿದು ಅಲ್ಲೇ ಕುಸಿದ. ಇಲಾಖೆಯಿಂದ ಮನೆಗೆ ಪತ್ರ ಬಂತು. ಸಾವಿಗೆ ಕಾರಣ ಅಜಾಗರೂಕತೆ ಎಂದು ಬರೆದಿತ್ತು. ಮನುಷ್ಯನನ್ನು ಗುಂಡಿಗೆ ಇಳಿಸಿದವರು ಜಾಗರೂಕರು, ಇಳಿದು ಸತ್ತವನು ಅಜಾಗರೂಕ. ಆ ಪತ್ರ ಓದಿದ ದಿನ ಮಗಳು ಲಾರಿ ಕಲಿಯುತ್ತೇನೆಂದು ಹಟ ಹಿಡಿದಳು. ನಾಲ್ಕು ವರ್ಷ ಬೇರೆಯವರು ಎತ್ತಿಕೊಟ್ಟ ಬುಟ್ಟಿ ಹೊತ್ತಳು. ಸಂಜೆ ಸಂಜೆ ಯಾರ್ಡಿನಲ್ಲಿ ಲಾರಿ ತಿರುಗಿಸಿದಳು. ಲೈಸೆನ್ಸು ಬಂತು. ಕೊನೆಗೆ ಕೀಲಿಯೂ ಬಂತು.

ಕೀಲಿ ಬಂದ ದಿನ ಅಪ್ಪನನ್ನು ಲಾರಿಯ ಒಳಗೆ ಹತ್ತಿಸಿ, ಅವನ ಕೈಯನ್ನು ಸ್ಟೀರಿಂಗಿನ ಮೇಲೆ ಒತ್ತಿಹಿಡಿದಳು.

“ಇನ್ಮೇಲೆ ಗುಂಡಿ ಇಳಿಯಲ್ಲ ಅಂತ ಆಣೆ ಮಾಡು.”

“ಇಳಿಯಲ್ಲ.”

“ಯಾರು ಕರೆದ್ರೂ?”

“ಯಾರು ಕರೆದ್ರೂ ಇಳಿಯಲ್ಲ ಮಾರಾಯ್ತಿ, ಕೈ ಬಿಡು. ಹಾರ್ನ್ ಹೊಡ್ಕೋತಾ ಇದೆ.”

ಅವರಿದ್ದದ್ದು ಟೈಲರಕ್ಕನ ಮನೆಯ ಕೆಳಗಿನ ಎರಡು ಕೋಣೆಯಲ್ಲಿ. ಮೇಲೆ ಟೈಲರಕ್ಕ, ಅವಳ ಹೊಲಿಗೆ ಮಿಷನ್ನು, ಅವಳ ಬಾಯಿ. ಎರಡೂ ದಿನವಿಡೀ ಓಡುತ್ತಿದ್ದವು. ಡ್ಯೂಟಿಯ ಗಾಡಿ ಡ್ರೈವರ್ ಮನೆಯ ಹತ್ತಿರವೇ ಇರಬೇಕು, ದೂರು ಬಂದ ಮುಕ್ಕಾಲು ಗಂಟೆಯೊಳಗೆ ಜಾಗ ಮುಟ್ಟಬೇಕು ಎಂಬುದು ಇಲಾಖೆಯ ನಿಯಮ. ಮಾವುತಕ್ಕ ದಿನವೂ ಸಂಜೆ ಯಾರ್ಡಿನಲ್ಲಿ ಸೋಪು ಹಾಕಿ ಗಾಡಿ ತಿಕ್ಕಿ, ತೊಳೆದು, ತಂದು ಟೈಲರಕ್ಕನ ಗೇಟಿನ ಮುಂದೆ ನಿಲ್ಲಿಸುತ್ತಿದ್ದಳು. ಅಷ್ಟು ಚೊಕ್ಕಟವಾಗಿ ಆ ಬೀದಿಯಲ್ಲಿ ಯಾವ ಕಾರೂ ಸ್ನಾನ ಮಾಡುತ್ತಿರಲಿಲ್ಲ.

ಅವರು ಬಾಡಿಗೆಗೆ ಬಂದ ಎರಡನೇ ವಾರ ಸಾಹೇಬರು ಬೀದಿ ದಾಟಿ ಬಂದರು.

“ಏ ಹುಡುಗಿ, ಇದು ಮರ್ಯಾದಸ್ಥರು ಇರೋ ಬೀದಿ.”

“ಹೌದು ಸಾರ್. ವಿಚಾರಿಸಿಕೊಂಡೇ ಬಂದ್ವಿ.”

“ಗಾಡಿ ವಾಸನೆ ಬರುತ್ತೆ.”

“ತೊಳೆದಿದೀನಿ ಸಾರ್. ಬೇಕಾದ್ರೆ ಮೂಗಿಟ್ಟು ನೋಡಿ.”

ಸಾಹೇಬರು ಮೂಗಿಡಲಿಲ್ಲ. ಹೋಗಿ ಅರ್ಜಿ ಬರೆದರು. ಬೀದಿಯ ಹದಿನೇಳು ಮನೆಯಲ್ಲಿ ಹದಿನಾರು ಮನೆಯವರು ಸಹಿ ಹಾಕಿದರು. ಟೈಲರಕ್ಕ ಮಾತ್ರ ‘ನನ್ನ ಕೈ ಹೊಲಿಯೋಕೆ, ಹರಿಯೋಕಲ್ಲ’ ಎಂದು ಬಾಗಿಲು ಹಾಕಿಕೊಂಡಳು. ಹದಿನೈದು ದಿನದಲ್ಲಿ ಆದೇಶ ಬಂತು. ಅದನ್ನು ತಂದು ಟೈಲರಕ್ಕನ ಗೇಟಿಗೇ ಅಂಟಿಸಿದರು. ‘ಸದರಿ ವಾಹನವನ್ನು ಯಾವುದೇ ಕಾರಣಕ್ಕೂ ಈ ಬೀದಿಯಲ್ಲಿ ನಿಲ್ಲಿಸಕೂಡದು.’ ಯಾವುದೇ ಕಾರಣಕ್ಕೂ ಎಂಬುದು ಸಾಹೇಬರದೇ ಮಾತು. ಇಲಾಖೆಯವರು ಅರ್ಜಿಯಲ್ಲಿದ್ದ ಸಾಲನ್ನು ಹಾಗೇ ಎತ್ತಿ ಆದೇಶಕ್ಕೆ ಹಾಕಿದ್ದರು. ಸಾಹೇಬರಿಗೆ ಅದೊಂದು ಹೆಮ್ಮೆ.

ಆದೇಶ ಸಾಲದೆಂದು ಸಿಮೆಂಟಿನ ತೊಟ್ಟಿಗಳೂ ಬಂದವು. ನಾಲ್ಕು ತೊಟ್ಟಿ, ತುಂಬ ಮಣ್ಣು, ಮೇಲೆ ಒಂದೊಂದು ಬಡಕಲು ಗಿಡ. ಆನೆ ನಿಲ್ಲುತ್ತಿದ್ದ ಜಾಗದ ಉದ್ದಕ್ಕೂ ಸಾಲಾಗಿ ಇಳಿಸುವುದಕ್ಕೆ ಆರು ಜನ ಕೂಲಿಗಳು ಬೆವರು ಸುರಿಸಿದರು. ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ ಅಪ್ಪ ಎದ್ದು ಬಂದ.

“ಸಾರ್, ಆ ಎರಡನೇದು ಅಲ್ಲಿ ಬೇಡ. ಕೆಳಗೆ ಮ್ಯಾನ್‌ಹೋಲಿನ ಮುಚ್ಚಳ ಇದೆ. ಡಾಂಬರು ಹಾಕೋರು ಮುಚ್ಚಿಬಿಟ್ಟಿದಾರೆ. ನಾನು ಹನ್ನೊಂದು ಸಲ ಇಳಿದಿದೀನಿ ಅಲ್ಲಿ.”

“ನಿನ್ನ ಯಾರಯ್ಯ ಕೇಳಿದ್ದು? ಹೋಗು ಒಳಗೆ.”

ಅಪ್ಪ ಒಳಗೆ ಹೋದ. ಹೋಗು ಎಂದರೆ ಹೋಗುವುದು, ಇಳಿ ಎಂದರೆ ಇಳಿಯುವುದು ಅವನ ಮೈಗೆ ಅಂಟಿದ ರೋಗ. ಮಾವುತಕ್ಕನಿಗೆ ಮೈ ಉರಿಯಿತು. “ಬಿಡಪ್ಪ,” ಎಂದಳು. “ನಾವು ಹೇಳಿದ್ರೆ ಕೇಳಲ್ಲ. ನೀರು ಹೇಳಿದ್ರೆ ಕೇಳ್ತಾರೆ.”

ಆನೆ ಊರಾಚೆಯ ಯಾರ್ಡಿಗೆ ಹೋಯಿತು. ಮಾವುತಕ್ಕನ ಕಾಲಿಗೆ ಚಕ್ರ ಬಂತು. ದೂರು ಬಂದರೆ ಬಸ್ಸು ಹಿಡಿದು ಯಾರ್ಡಿಗೆ ಓಡಬೇಕು, ಅಲ್ಲಿಂದ ಗಾಡಿ ತರಬೇಕು. ಐದು ವಾರದಲ್ಲಿ ಎರಡು ಸಲ ತಡವಾಯಿತು. ಸೂಪರ್‌ವೈಸರ್ ಎರಡೂ ಸಲ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ. ಮೂರನೇ ಸಲಕ್ಕೆ ಕೀಲಿ ವಾಪಸ್ಸು. ಗಾಡಿ ಇನ್ನೊಬ್ಬನಿಗೆ, ಅವಳಿಗೆ ಮತ್ತೆ ಬುಟ್ಟಿ.

ಆ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಅವಳು ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತಿದ್ದಳು. ಫೋನು ಬಂತು. ರಜೆಯ ದಿನ ಇಲಾಖೆಯ ದೂರಿನ ನಂಬರಿಗೆ ಮಾಡಿದ ಕರೆ ನೇರ ಡ್ಯೂಟಿ ಡ್ರೈವರಿಗೇ ಬರುತ್ತದೆ.

“ಮೇಡಂ, ನಮಸ್ಕಾರ,” ಎಂದಿತು ಫೋನು. “ದಯವಿಟ್ಟು ಸ್ವಲ್ಪ ಬೇಗ ಗಾಡಿ ಕಳಿಸ್ತೀರಾ? ಬಚ್ಚಲಿಂದ ಎಲ್ಲಾ ವಾಪಸ್ ಬರ್ತಾ ಇದೆ ಮೇಡಂ. ಆಫೀಸು ರೂಮಿಗೆ ನುಗ್ಗಿದೆ.”

ಮಾತು ಅವಳ ಎರಡೂ ಕಿವಿಗೆ ಕೇಳುತ್ತಿತ್ತು. ಒಂದು ಕಿವಿಗೆ ಫೋನಿನಿಂದ, ಇನ್ನೊಂದಕ್ಕೆ ಬೀದಿಯಾಚೆಯಿಂದ. ತಲೆ ಎತ್ತಿದಳು. ಸಾಹೇಬರು ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು ತಮ್ಮ ಗೇಟಿನಲ್ಲಿ ನಿಂತಿದ್ದರು.

“ಹೇಳಿ ಸಾರ್. ವಿಳಾಸ?”

ಸಾಹೇಬರು ವಿಳಾಸ ಹೇಳತೊಡಗಿ ಅರ್ಧಕ್ಕೆ ನಿಲ್ಲಿಸಿದರು. ಫೋನನ್ನು ಕಿವಿಯಿಂದ ತೆಗೆದು ಅದನ್ನೊಮ್ಮೆ ನೋಡಿದರು, ಆಮೇಲೆ ಎದುರಿಗೆ ನೋಡಿದರು.

“ನೀನಾ?”

“ನಾನೇ ಸಾರ್. ಮೇಡಂ.”

ಮೇಲಿನ ಕಿಟಕಿಯಲ್ಲಿ ಹೊಲಿಗೆ ಮಿಷನ್ನು ನಿಂತಿತು. ಟೈಲರಕ್ಕ ಇಂಥದ್ದನ್ನು ತಪ್ಪಿಸಿಕೊಳ್ಳುವ ಪೈಕಿಯಲ್ಲ.

ಸಾಹೇಬರು ಬೀದಿ ದಾಟಿ ಬಂದರು. ಅವರು ಇಟ್ಟ ಹೆಜ್ಜೆಯೆಲ್ಲ ಒದ್ದೆಯಾಗಿ ಮೂಡಿತು. “ಗಾಡಿ ಎಲ್ಲಿ?”

“ಯಾರ್ಡಲ್ಲಿ. ನೀವೇ ಕಳಿಸಿದ್ರಲ್ಲ.”

“ತರಿಸು ಮತ್ತೆ!”

ಮಾವುತಕ್ಕ ಗೇಟಿಗೆ ಅಂಟಿಸಿದ್ದ ಕಾಗದದ ಕಡೆ ಕೈ ತೋರಿಸಿದಳು. “ಯಾವುದೇ ಕಾರಣಕ್ಕೂ ನಿಲ್ಲಿಸಕೂಡದು ಅಂತಿದೆ ಸಾರ್. ಇದೂ ಒಂದು ಕಾರಣ ತಾನೇ?”

ಹೇಳಿದ್ದೇನೋ ಹೇಳಿದಳು, ಆದರೆ ಕೆಲಸ ಬಿಡುವ ಹಾಗಿರಲಿಲ್ಲ. ದೂರು ದೂರೇ. ಗಡಿಯಾರ ಆಗಲೇ ಓಡುತ್ತಿತ್ತು. ಸೂಪರ್‌ವೈಸರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದಳು. ಆದೇಶದ ಸಂಗತಿ ಹೇಳಿದಳು.

“ಅದೆಲ್ಲ ನನಗೆ ಗೊತ್ತಿಲ್ಲ,” ಎಂದ ಸೂಪರ್‌ವೈಸರ್. ನಿದ್ದೆಗಣ್ಣಿನ ದನಿ. “ಏಳೂ ಮುಕ್ಕಾಲಿಗೆ ಕೆಲಸ ಶುರುವಾಗಿರಬೇಕು. ಇಲ್ದಿದ್ರೆ ಮೂರನೇ ಸಲ. ನಾಳೆ ಕೀಲಿ ತಂದು ಟೇಬಲ್ ಮೇಲಿಡು.”

ಸಾಹೇಬರಿಗೆ ದಾರಿ ಹೊಳೆಯಿತು. ಮುಖ ಅರಳಿತು.

“ಗಾಡಿ ಯಾಕಮ್ಮ? ನಿಮ್ಮಪ್ಪ ಇದಾನಲ್ಲ. ಹನ್ನೊಂದು ಸಲ ಇಳಿದಿದೀನಿ ಅಂತ ಅವನೇ ಹೇಳಿದ್ದ. ಇನ್ನೊಂದು ಸಲ ಇಳಿದ್ರೆ ಹನ್ನೆರಡು. ಅರ್ಧ ಗಂಟೆ ಕೆಲಸ. ನೀನೂ ಲೇಟಾಗಲ್ಲ, ನಮ್ಮದೂ ಆಗುತ್ತೆ.”

“ಅದೂ ಸರೀನೇ,” ಎಂದಿತು ಫೋನು. “ಭಾನುವಾರ. ಯಾರು ನೋಡ್ತಾರೆ?”

ಮಾವುತಕ್ಕ ತಿರುಗಿದಳು. ಬಾಗಿಲಲ್ಲಿ ಅಪ್ಪ ನಿಂತಿದ್ದ. ಉಳಿದ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ. ಕೀಲಿ ಎಂಬುದೊಂದೇ ಬಿದ್ದಿತ್ತು. ಅವನು ಆಗಲೇ ಅಂಗಿಯ ಬಟನ್ ಬಿಚ್ಚುತ್ತಿದ್ದ. ಮೇಲಿನಿಂದ ಒಂದು, ಎರಡು, ಮೂರು. ಬೆರಳುಗಳಿಗೆ ಅಭ್ಯಾಸವಿತ್ತು. ಎದೆಯ ಗೂಡು ಕಾಣಿಸಿತು. ಹಗ್ಗ ತಿಕ್ಕಿ ತಿಕ್ಕಿ ಸೊಂಟದ ಸುತ್ತ ಕಪ್ಪಾದ ಬಳೆ ಕಾಣಿಸಿತು. ಮೆಟ್ಟಿಲು ಇಳಿಯುವುದರೊಳಗೆ ಎರಡು ಸಲ ಕೆಮ್ಮಿದ.

“ಹಾಕ್ಕೋ ಅಪ್ಪ.”

“ಒಂದೇ ಒಂದ್ಸಲ ಕಣೇ. ನಿನ್ ಗಾಡಿ ಹೋಗುತ್ತೆ.”

“ಹೋಗ್ಲಿ.”

“ಮತ್ತೆ ಬುಟ್ಟಿ ಹೊರ್ತೀಯಾ?”

“ಹೊರ್ತೀನಿ. ನೀನು ಇಳಿಯಲ್ಲ.”

ಅವಳು ಅಪ್ಪನ ಅಂಗಿ ಹಿಡಿದಳು. ಅಷ್ಟು ಜನರ ಎದುರಿಗೆ, ಸ್ಕೂಲಿಗೆ ಹೊರಟ ಮಗುವಿಗೆ ಹಾಕುವಂತೆ, ಕೆಳಗಿನಿಂದ ಒಂದೊಂದೇ ಬಟನ್ ಹಾಕಿದಳು. ಕತ್ತಿನ ಹತ್ತಿರದ ಕೊನೆಯದನ್ನೂ ಬಿಡದೆ ಹಾಕಿದಳು. ಆಮೇಲೆ ಬೀದಿಯ ಕಡೆ ತಿರುಗಿದಳು. ಅಷ್ಟು ಹೊತ್ತಿಗೆ ಬೇರೆ ಮನೆಗಳವರೂ ಮೂಗು ಮುಚ್ಚಿಕೊಂಡು ಹೊರಬಂದಿದ್ದರು.

“ನಮ್ಮಪ್ಪ ಇಳಿಯಲ್ಲ. ನಿಮ್ಮ ಬಚ್ಚಲು ತುಂಬಲಿ, ರೂಮು ತುಂಬಲಿ, ಬೀದಿ ತುಂಬಲಿ. ನಮ್ಮಪ್ಪ ಇಳಿಯಲ್ಲ. ನನ್ನ ಚಿಕ್ಕಪ್ಪನೂ ಅರ್ಧ ಗಂಟೆ ಕೆಲಸ ಅಂತಾನೇ ಇಳಿದಿದ್ದ.”

ಅವಳು ಫೋನಿಗೆ ಬಾಯಿ ಕೊಟ್ಟಳು.

“ಸಾರ್, ಮೂರನೇ ಸಲ ಅಂತ ಬರ್ಕೊಳ್ಳಿ. ಪಕ್ಕದಲ್ಲೇ ಇದನ್ನೂ ಬರ್ಕೊಳ್ಳಿ. ಕಾನೂನು ಬೇಡ ಅಂದಿದ್ರೂ ಮನುಷ್ಯನ್ನ ಗುಂಡಿಗೆ ಇಳಿಸು ಅಂತ ನೀವು ಹೇಳಿದ್ದು. ಇಲ್ಲಿ ಇಪ್ಪತ್ತು ಜನ ಕೇಳಿಸ್ಕೊಂಡಿದಾರೆ.”

“ಇಪ್ಪತ್ತೊಂದು!” ಎಂದಳು ಮೇಲಿನಿಂದ ಟೈಲರಕ್ಕ.

ಫೋನಿನಲ್ಲಿ ನಿದ್ದೆ ಹಾರಿಹೋದ ಸದ್ದು ಕೇಳಿಸಿತು. “ನಾನೆಲ್ಲಿ ಹಾಗಂದೆ? ನಾನು... ಇರಮ್ಮ, ಇರು. ಅರ್ಜಿ ಕೊಟ್ಟೋರೇ ವಾಪಸ್ ತಗೊಂಡ್ರೆ ಆದೇಶ ನಿಲ್ಲಲ್ಲ. ಬರೆಸ್ಕೊಂಡು ಫೋಟೋ ಕಳಿಸು. ಅಲ್ಲಿಂದಲೇ ಟೈಮ್ ಲೆಕ್ಕ ಹಾಕೋಣ.”

ಸಾಹೇಬರು ಬಿಸಿತುಪ್ಪ ಬಾಯಿಗೆ ಹಾಕಿಕೊಂಡವರ ಹಾಗೆ ನಿಂತರು. ಅವರ ಹೆಂಡತಿ ರಬ್ಬರ್ ಚಪ್ಪಲಿ ಪಚಪಚ ಎನ್ನಿಸುತ್ತ ಬಂದು ಪೆನ್ನು, ಕಾಗದ ಕೈಗಿಟ್ಟರು.

“ಬರೀರೀ ಬೇಗ. ಕಾಗೆ ಮೇಲೆಲ್ಲ ಬರೆದ್ರಿ, ಇದೊಂದು ಬರೆಯೋಕಾಗಲ್ವಾ? ನಿಮ್ಮ ಮೇಜು ತೇಲೋಕೆ ಶುರುವಾಗಿದೆ.”

ಸಾಹೇಬರು ತಮ್ಮ ಕಾರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆದರು. ಮಾವುತಕ್ಕ ತೆಗೆದುಕೊಂಡು ಓದಿದಳು. ‘ಈ ಒಂದು ದಿನದ ಮಟ್ಟಿಗೆ’ ಎಂದಿತ್ತು.

“ಇದನ್ನ ಹೊಡೆದುಹಾಕಿ ಸಾರ್.”

“ಇವತ್ತಿನ ಕೆಲಸಕ್ಕೆ ಇಷ್ಟು ಸಾಕಲ್ಲ.”

“ನನಗೆ ದಿನಾ ಕೆಲಸ ಇದೆ. ಟೈಲರಕ್ಕನ ಗೇಟಿನ ಮುಂದೆ ದಿನಾ ನಿಲ್ಲುತ್ತೆ ಅಂತ ಬರೀರಿ.”

ಮುತ್ತಿನಂಥ ಅಕ್ಷರದ ಮೇಲೆ ಒಂದು ಗೀಟು ಬಿತ್ತು. ಸಹಿಗೆ ಜನ ಸಾಲು ನಿಂತರು. ಹದಿನಾರು ಮನೆಯ ಸಹಿ ಆದೇಶವಾಗಿ ಬರಲು ಆವತ್ತು ಹದಿನೈದು ದಿನ ಹಿಡಿದಿತ್ತು, ಅದನ್ನು ವಾಪಸ್ ಪಡೆಯಲು ಈವತ್ತು ಆರು ನಿಮಿಷ ಸಾಕಾಯಿತು. ಮಾವುತಕ್ಕ ಫೋಟೋ ತೆಗೆದು ಕಳಿಸಿ, ಕಾಗದವನ್ನು ಮಡಚಿ ಅಪ್ಪನ ಜೇಬಿನಲ್ಲಿಟ್ಟಳು.

ಮೇಲಿನಿಂದ ಸ್ಕೂಟರಿನ ಕೀಲಿ ಬಂದು ಬಿತ್ತು. “ಹೋಗೇ, ಬ್ರೇಕು ಸ್ವಲ್ಪ ಕಮ್ಮಿ, ಹಾರ್ನು ಜಾಸ್ತಿ,” ಎಂದಳು ಟೈಲರಕ್ಕ.

“ಸಾರ್, ನಾನು ಬರೋ ಹೊತ್ತಿಗೆ ತೊಟ್ಟಿಗಳು ಅಲ್ಲಿರಬಾರದು.”

“ಭಾನುವಾರ ಕೂಲಿಯವರು ಎಲ್ಲಿ ಸಿಗ್ತಾರೆ?”

“ನೀವಿದೀರಲ್ಲ ಸಾರ್,” ಎಂದು ಅವಳು ಸ್ಕೂಟರ್ ಒದ್ದಳು.

ಭಾನುವಾರದ ಖಾಲಿ ರಸ್ತೆ, ಯಾರ್ಡಿಗೆ ಕಾಲು ಗಂಟೆ. ಸ್ಕೂಟರನ್ನು ಅಲ್ಲೇ ಬಿಟ್ಟು, ಆನೆ ಹತ್ತಿ ಹೊರಟಳು. ದಾರಿಯುದ್ದಕ್ಕೂ ಅವಳಿಗೆ ಒಂದೇ ಹೆದರಿಕೆ. ಅಪ್ಪ ಒಬ್ಬನೇ ಇದ್ದಾನೆ. ಸಾಹೇಬರು ದನಿ ಏರಿಸಿದರೆ ಬಟನ್ನಿಗೆ ಕೈ ಹೋಗಿಬಿಟ್ಟರೆ? ಮೂವತ್ತೊಂದು ವರ್ಷದ ಮೈ ಅದು. ಆಣೆಗೆ ಅಷ್ಟು ಬಲ ಉಂಟೇ? ತಿರುವಿನಲ್ಲಿ ಬೇಡವಾಗಿದ್ದರೂ ಎರಡು ಸಲ ಹಾರ್ನು ಹೊಡೆದಳು.

ಬೀದಿಗೆ ತಿರುಗಿದಾಗ ಲಾರಿಯ ಎತ್ತರದಿಂದ ಎಲ್ಲ ಕಾಣಿಸಿತು.

ಎರಡು ತೊಟ್ಟಿ ಸಾಹೇಬರ ಗೋಡೆಗೆ ಸೇರಿದ್ದವು. ನಾಲ್ಕನೆಯದು ಓರೆಯಾಗಿ ದಾರಿಗೆ ಬಿದ್ದಿತ್ತು. ಮುಚ್ಚಳದ ಮೇಲಿನ ಆ ಎರಡನೆಯ ತೊಟ್ಟಿಗೆ ಐದಾರು ಗಂಡಸರು ಹೆಗಲು ಕೊಟ್ಟಿದ್ದರು. ನಡುವೆ ಸಾಹೇಬರು. ಇಸ್ತ್ರಿ ಮಾಡಿದ ಅಂಗಿ ಕಾರಿನ ಕನ್ನಡಿಗೆ ನೇತಾಡುತ್ತಿತ್ತು. ಬನಿಯನ್ನು ಬೆನ್ನಿಗೆ ಅಂಟಿತ್ತು. ಡಾಂಬರಿನ ಬಿರುಕಿನಿಂದ ಉಕ್ಕಿ ಬಂದ ನೀರು ಅವರ ಪಾದ ಮುಚ್ಚಿತ್ತು.

ಅಪ್ಪ ಕುರ್ಚಿಯ ಮೇಲೆ ಕೂತಿದ್ದ. ಆನೆ ನಿಲ್ಲುವ ಜಾಗದ ನಟ್ಟನಡುವೆ ಕುರ್ಚಿ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿಕೊಂಡು. ಕತ್ತಿನ ತನಕ ಬಟನ್ ಹಾಗೇ ಇತ್ತು. ತೊಟ್ಟಿ ಸರಿದು ಜಾಗ ಖಾಲಿಯಾದದ್ದೇ ತಡ ಯಾರೋ ತಮ್ಮ ಕಾರು ನುಗ್ಗಿಸಲು ಬಂದರಂತೆ, ಹಾರ್ನು ಹೊಡೆದರಂತೆ. ‘ನಿಮ್ಮಪ್ಪ ಕಿವಿ ಕೇಳದವನ ಹಾಗೆ ಮುಗಿಲು ನೋಡ್ತಾ ಕೂತಿದ್ದ ಕಣೇ’ ಎಂದು ಟೈಲರಕ್ಕ ಆಮೇಲೆ ವಾರಗಟ್ಟಲೆ ಹೇಳಿಕೊಂಡು ನಕ್ಕಳು. ಆ ಬೀದಿಯ ಕೆಳಗೆ ಹನ್ನೊಂದು ಸಲ ನಿಂತವನು ಅದರ ಮೇಲೆ ಕೂತದ್ದು ಅದೇ ಮೊದಲು.

“ಎಡಕ್ಕೆ ಸಾರ್, ಎಡಕ್ಕೆ,” ಎನ್ನುತ್ತಿದ್ದ ಅಪ್ಪ. “ಬೆನ್ನು ಬಗ್ಗಿಸಬೇಡಿ, ಮೊಣಕಾಲು ಬಗ್ಗಿಸಿ. ಹಾಂ. ಇನ್ನೊಂದು ಗೇಣು.”

ಉಳಿದೆರಡು ತೊಟ್ಟಿಯೂ ಗೋಡೆ ಸೇರಿದ್ದೇ ಎದ್ದ. ಕುರ್ಚಿಯನ್ನು ಪಕ್ಕಕ್ಕಿಟ್ಟು, ಕೈ ಎತ್ತಿ, “ಬಾ, ಬಾ, ಬಾ, ಸ್ವಲ್ಪ ಬಲಕ್ಕೆ, ಬಾ, ಸಾಕು!” ಎಂದು ಮಗಳ ಗಾಡಿಯನ್ನು, ಮುಚ್ಚಳವಿರುವಷ್ಟು ಬಿಟ್ಟು, ಅದರ ಜಾಗಕ್ಕೆ ಹಿಂದೆ ತೆಗೆಸಿಕೊಂಡ.

ಮಾವುತಕ್ಕ ಹಾರೆ ಹಾಕಿ ಡಾಂಬರು ಒಡೆದಳು. ಮುಚ್ಚಳ ಅಪ್ಪ ಹೇಳಿದ ಜಾಗದಲ್ಲೇ ಇತ್ತು, ಒಂದು ಬೆರಳಷ್ಟೂ ಆಚೀಚೆ ಇರಲಿಲ್ಲ. ಎಬ್ಬಿಸಿ, ಪೈಪು ಇಳಿಸಿ, ಮೋಟಾರು ಹಾಕಿದಳು. ಆನೆ ಸೊರ್ರೆಂದು ಎಳೆಯಿತು. ಹದಿನೇಳು ಮನೆಯ ಹೊಲಸನ್ನು ನಲವತ್ತು ನಿಮಿಷ ಎಳೆಯಿತು. ಸಾಹೇಬರ ಬಚ್ಚಲಿನಿಂದ ಗಳಗಳ ಎಂದು ನೀರು ಇಳಿದ ಸದ್ದು ಬೀದಿಗೆಲ್ಲ ಕೇಳಿತು. ಯಾರೂ ಗುಂಡಿಗೆ ಇಳಿಯಲಿಲ್ಲ. ಇಳಿಯಬೇಕಾಗಿಯೇ ಇರಲಿಲ್ಲ. ಈ ಸಣ್ಣ ಮಾತು ತಿಳಿಯುವುದಕ್ಕೆ ಎಷ್ಟು ಜನ ಸಾಯಬೇಕಾಯಿತು. ಫೋನಿಗೆ ಸೂಪರ್‌ವೈಸರ್ ಎರಡೇ ಮಾತು ಕಳಿಸಿದ್ದ. ‘ಲೇಟಿಲ್ಲ. ಸರಿ.’

ಟ್ಯಾಂಕಿನ ಹೊಲಸನ್ನು ಖಾಲಿ ಮಾಡಿ, ಯಾರ್ಡಿನಲ್ಲಿ ಸೋಪು ಹಾಕಿ ತಿಕ್ಕಿ, ಟೈಲರಕ್ಕನ ಸ್ಕೂಟರನ್ನು ಹಿಂದೆ ಹಗ್ಗದಲ್ಲಿ ಬಿಗಿದು ಅವಳು ಮತ್ತೆ ಬೀದಿಗೆ ಬಂದಾಗ ಮಧ್ಯಾಹ್ನ. ಅವಳು ಹೋದ ಮೇಲೆ ಅಪ್ಪ ಮತ್ತೆ ಅದೇ ಜಾಗಕ್ಕೆ ಕುರ್ಚಿ ಹಾಕಿ ಕೂತವನು ಅಷ್ಟು ಹೊತ್ತೂ ಎದ್ದಿರಲಿಲ್ಲ. ಗಾಡಿ ನಿಲ್ಲಿಸಿದಳು. ಎಂಜಿನ್ ಆರಿಸಿದಳು. ಕೀಲಿ ಜೇಬಿಗೆ ಹಾಕಿಕೊಂಡಳು.

ಸಾಹೇಬರು ಗೇಟಿನ ಬಳಿ ನಲ್ಲಿಯ ಕೆಳಗೆ ಕೈ ಒಡ್ಡಿಕೊಂಡಿದ್ದರು. ತೊಳೆದರು, ಮೂಸಿದರು, ಮುಖ ಹಿಂಡಿದರು, ಮತ್ತೆ ತೊಳೆದರು. ಕೊನೆಗೆ ಬೀದಿಯಾಚೆಯಿಂದಲೇ ಕೇಳಿದರು. ಈಗ ಅಪ್ಪ ಅವರ ಬಾಯಲ್ಲಿ ಬಹುವಚನವಾಗಿದ್ದ.

“ಏನ್ರೀ, ಇದು ಕೈಯಿಂದ ಹೋಗುತ್ತಾ?”

“ಹೋಗುತ್ತೆ ಸಾರ್,” ಎಂದ ಅಪ್ಪ ಕುರ್ಚಿಯನ್ನು ಆನೆಯ ನೆರಳಿಗೆ ಎಳೆದುಕೊಳ್ಳುತ್ತ. “ನಾಲ್ಕು ಸಲ ಸೋಪು ಹಾಕಿದ್ರೆ ಕೈಯಿಂದ ಹೋಗುತ್ತೆ. ಎದುರುಮನೆಯೋರ ಮೂಗಿಂದ ಹೋಗೋಕೇ ಸ್ವಲ್ಪ ವರ್ಷ ಹಿಡಿಯುತ್ತೆ.”